ಚಂದ್ರನ ಇರುಳಿಗೊಂದು ಆರದ ಕೆಂಡ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ಕಡೆ ಹೊಗೆಸೊಪ್ಪನ್ನು ಹದಗೊಳಿಸುವ ಕಾಲ ಬಂದಿತೆಂದರೆ ರೈತರಿಗೆ ರಾತ್ರಿ ನಿದ್ರೆಯಿಲ್ಲ. ಬ್ಯಾರನ್ನಿನ ಒಲೆಗೆ ಸೌದೆ ಒಡ್ಡುತ್ತ, ಶಾಖ ತಗ್ಗದಂತೆ ಬೆಳಗಿನವರೆಗೂ ಕಾಯಬೇಕು. ಸೌದೆ ಒಡ್ಡುವವರೇ ಇಲ್ಲದ, ನಮ್ಮ ಲೆಕ್ಕದ ಸುಮಾರು 14 ದಿನಗಳಷ್ಟು ದೀರ್ಘವಾದ ರಾತ್ರಿಯಲ್ಲಿ ಮಾಡುವುದೇನು? ಚಂದ್ರನ ಇರುಳು ಅಂತಹುದು.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ನೌಕೆ ಅಲ್ಲಿ ಇಳಿಯಿತು. ಅದಕ್ಕೂ ಪ್ರಜ್ಞಾನ್ ಬಂಡಿಗೂ ಸೂರ್ಯನೇ ಆಧಾರ. ಸೆಪ್ಟೆಂಬರಿನ ಮೊದಲಲ್ಲಿ ಮಲಗಿಸಿದ ಅವೆರಡೂ ಇರುಳಿನ ಕಡುಶೀತದ ಬಳಿಕ ಏಳಲಿಲ್ಲ. ಒಂದು ಹಗಲಿನ ಕೆಲಸಕ್ಕೆಂದೇ ರಚಿತವಾದ ಅವುಗಳಿಗೆ ಇದು ಸೋಲಲ್ಲ. ಆದರೆ ಅದೇ ಯಾನದ ನೋದನ ಘಟಕದಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರವು ರೂಪಿಸಿದ, ತಲಾ ಒಂದು ವ್ಯಾಟಿನ ಎರಡು ಪರಮಾಣು ಶಾಖಕೋಶಗಳಿದ್ದವು. ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರವು 2021ರಲ್ಲಿಯೇ 100 ವ್ಯಾಟಿನ ಪರಮಾಣು ವಿದ್ಯುಜ್ಜನಕವೊಂದರ ತಯಾರಿಕೆಗೆ ಉದ್ಯಮಗಳನ್ನು ಆಹ್ವಾನಿಸಿತ್ತು.

ಈ ಕೆಂಡದ ಗುಟ್ಟು ಸರಳವಾದುದು. ಪ್ಲುಟೋನಿಯಂ-238ರ ಪರಮಾಣುಗಳು ತಾವಾಗಿಯೇ ಕ್ಷಯಿಸುತ್ತ ಗ್ರಾಮಿಗೆ ಸುಮಾರು ಅರ್ಧ ವ್ಯಾಟಿನಷ್ಟು ಶಾಖವನ್ನು ಕೊಡುತ್ತವೆ. ಅದು ಅರ್ಧಕ್ಕೆ ಇಳಿಯಲು ಸುಮಾರು 88 ವರ್ಷ ಬೇಕು. ಎರಡು ಬಗೆಯ ಅರೆವಾಹಕಗಳನ್ನು ಜೋಡಿಸಿ, ಒಂದು ತುದಿಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇರಿಸಿದರೆ ವಿದ್ಯುತ್ತು ಹರಿಯುತ್ತದೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ದಶಕಗಳ ಕಾಲ ನಮ್ಮೊಡನೆ ಮಾತನಾಡಿದುದು ಈ ಬಲದಿಂದಲೇ.

ಅಪಾಯವಿಲ್ಲವೆ? ಇದೆ. 1964ರಲ್ಲಿ ಅಮೆರಿಕದ ಉಪಗ್ರಹವೊಂದು ಕಕ್ಷೆ ಸೇರದೆ ಬಿದ್ದಾಗ ಅದರ ಪ್ಲುಟೋನಿಯಂ ವಾಯುಮಂಡಲದಲ್ಲಿ ಉರಿದು ಹರಡಿತು. ಆ ಬಳಿಕ, ಬಿದ್ದರೂ ಒಡೆಯದ ಕವಚಗಳನ್ನು ರಚಿಸತೊಡಗಿದರು. 1968ರಲ್ಲಿ ನಿಂಬಸ್ ಉಪಗ್ರಹವನ್ನು ಹೊತ್ತ ರಾಕೆಟ್ಟನ್ನು ನಾಶಪಡಿಸಬೇಕಾಗಿ ಬಂದಾಗ, ಅದರ ಇಂಧನ ಕೋಶಗಳು ಸಮುದ್ರತಳದಲ್ಲಿ ಅಭಗ್ನವಾಗಿ ದೊರೆತವು.

ಭಾರತವು ತನ್ನದೇ ಪರಮಾಣು ವಿದ್ಯುಜ್ಜನಕವನ್ನು ತಯಾರಿಸಲೇಬೇಕೆಂಬುದು ನಮ್ಮ ಅಭಿಪ್ರಾಯ. ಆದರೆ ಅದು ಶ್ರೀಹರಿಕೋಟೆಯನ್ನು ತಲುಪುವ ಮೊದಲು ಬೆಂಕಿ, ಸ್ಫೋಟ, ಪತನ, ಉಪ್ಪುನೀರು ಇವುಗಳ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಫಲಿತಾಂಶಗಳು, ಸೋತ ಪರೀಕ್ಷೆಗಳವೂ ಸೇರಿದಂತೆ, ಜನರಿಗೆ ಅವರ ಭಾಷೆಯಲ್ಲಿಯೇ ತಿಳಿಯಬೇಕು. ಹತ್ತು ತಿಂಗಳು ತಡವಾದರೆ ಚಂದ್ರನೇನೂ ಓಡಿಹೋಗುವುದಿಲ್ಲ. ಒಮ್ಮೆ ಕಳೆದುಕೊಂಡ ಜನರ ನಂಬಿಕೆ ಸುಲಭವಾಗಿ ಹಿಂತಿರುಗದು.

ಬ್ಯಾರನ್ನಿಗೆ ಬೆಂಕಿ ಹತ್ತೀತೆಂದು ಹೆದರಿ ರೈತನು ಒಲೆ ಹೊತ್ತಿಸದೆ ಇರುವುದಿಲ್ಲ; ಹೊತ್ತಿಸಿ ಮಲಗಿಬಿಡುವುದೂ ಇಲ್ಲ. ನಾಳೆ ವಿಜ್ಞಾನಿಗಳಾಗಲಿರುವ ನಮ್ಮ ವಿದ್ಯಾರ್ಥಿಗಳು ಈ ಎರಡನ್ನೂ ಅವನಿಂದ ಕಲಿಯಬೇಕು.