ಫೋನ್ ಮಾಡಿದವನು ನಾನೇ

ಬೆಳಗ್ಗೆ ವಾಕಡದಿಂದ ಹಿಂಜವಡಿಗೆ ಹೋಗುವ ಪುಣೆ ಕನ್ನಡಿಗರಿಗೆ ಭೂಮ್ಕರ್ ಚೌಕದ ಬಗ್ಗೆ ಹೇಳಬೇಕಿಲ್ಲ. ನೋಡದವರು ಬೆಂಗಳೂರಿನ ಸಿಲ್ಕ್ ಬೋರ್ಡನ್ನು ನೆನೆಸಿಕೊಂಡು ಅದಕ್ಕೆ ಒಂದಿಷ್ಟು ಮರಾಠಿ ಬೈಗುಳ ಸೇರಿಸಿಕೊಳ್ಳಿ. ಆ ಜಾಮಿನಲ್ಲಿ ಸುತ್ತ ಕಣ್ಣಾಡಿಸಿದರೆ ಅರ್ಧ ಜನ ಆಗಲೇ ಆಫೀಸಿನಲ್ಲಿರುತ್ತಾರೆ, ದೇಹವಷ್ಟೇ ರಸ್ತೆಯ ಮೇಲೆ. ಒಬ್ಬ ಹೆಲ್ಮೆಟ್ಟಿನ ಸಂದಿಗೆ ಫೋನ್ ತುರುಕಿಕೊಂಡು "ನನ್ನ ದನಿ ಕೇಳಿಸ್ತಿದೆಯಾ?" ಅನ್ನುತ್ತಿರುತ್ತಾನೆ. ಇನ್ನೊಬ್ಬಳು ಸ್ಟೀರಿಂಗ್ ಮೇಲೆ ಫೋನ್ ಇಟ್ಟುಕೊಂಡು ಏನನ್ನೋ ಟೈಪ್ ಮಾಡುತ್ತಿರುತ್ತಾಳೆ.

ಇಂಥವರನ್ನು ಬೈಯುವುದು ಸುಲಭ. ನಾನೂ ಬೈಯುತ್ತಿದ್ದೆ. ಅವರ ಫೋನಿನ ಆ ತುದಿಯಲ್ಲಿ ಕೂತು ಮಾತಾಡಿಸುತ್ತಿರುವವರು ಯಾರು ಎಂದು ಮಾತ್ರ ಯೋಚಿಸಿರಲಿಲ್ಲ.

ಕಳೆದ ವರ್ಷ ಮಳೆಗಾಲದ ಒಂದು ಮಂಗಳವಾರ. ಹಿಂದಿನ ರಾತ್ರಿ ಕ್ಲೈಂಟ್ ಕಡೆ ಏನೋ ಕೆಟ್ಟು ಕೂತಿತ್ತು. ಎಂಟೂ ಮುಕ್ಕಾಲಿಗೆ ನಾನು ಎಲ್ಲರನ್ನೂ ಕಾಲ್‌ಗೆ ಕರೆದೆ. ನಮ್ಮ ಟೀಮಿನಲ್ಲಿ ರಾಯಚೂರು ಕಡೆಯ ಹುಡುಗನೊಬ್ಬನಿದ್ದಾನೆ. "ದಾರ್ಯಾಗ ಅದೀನಿ ಸರ್, ಹದಿನೈದು ನಿಮಿಷದಾಗ ಬಂದುಬಿಡ್ತೀನಿ" ಅಂದ. "ಪರವಾಗಿಲ್ಲಪ್ಪ, ದಾರಿಯಿಂದಲೇ ಜಾಯಿನ್ ಆಗು, ಕೇಳಿಸಿಕೊಂಡರೆ ಸಾಕು" ಅಂದೆ ನಾನು. ಆದರೆ ಕೇಳಿಸಿಕೊಳ್ಳಲು ಬಿಡಲಿಲ್ಲ. ಐದೇ ನಿಮಿಷದಲ್ಲಿ, ರಾತ್ರಿ ಓಡಿಸಿದ ಸ್ಕ್ರಿಪ್ಟಿನಲ್ಲಿ ಏನು ಬದಲಾಯಿಸಿದ್ದೆ ಎಂದು ಕೇಳಿದೆ. ಅವನು ಉತ್ತರ ಹೇಳತೊಡಗಿದ. ಎರಡನೇ ವಾಕ್ಯದ ನಡುವೆ ಏನೋ ಉಜ್ಜಿದಂಥ ಸದ್ದು ಬಂತು, ಆಮೇಲೆ ಬರೀ ಹಾರ್ನ್. ಯಾರೋ "ನೀನು ಮ್ಯೂಟ್‌ನಲ್ಲಿದ್ದೀಯ" ಅಂದರು. ನಾನು ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿದೆ. ಕೊನೆಗೆ ಅವನ ಫೋನಿನಲ್ಲಿ ಅಪರಿಚಿತ ದನಿಯೊಂದು ಮರಾಠಿಯಲ್ಲಿ, ಈ ಹುಡುಗ ನಿಮಗೇನಾಗಬೇಕು ಎಂದು ಕೇಳಿತು.

ಬದುಕಿದ. ಹೆಲ್ಮೆಟ್ ಇದ್ದದ್ದರಿಂದ ತಲೆಗೆ ಏನೂ ಆಗಲಿಲ್ಲ. ಭುಜದ ಮೂಳೆ ಮುರಿದಿತ್ತು, ಮಣಿಕಟ್ಟಿಗೆ ಪ್ಲೇಟ್ ಹಾಕಬೇಕಾಯಿತು. ಆಸ್ಪತ್ರೆಯಲ್ಲಿ ಅವನು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಮುಂದಿನ ಟೆಂಪೋ ಬ್ರೇಕ್ ಹಾಕಿದ್ದು ಕಣ್ಣಿಗೆ ಕಂಡಿತ್ತು ಸರ್. ತಲಿಗೆ ಹೋಗ್ಲಿಲ್ಲ."

ಮರುದಿನ ಅವನ ತಾಯಿ ರಾಯಚೂರಿನಿಂದ ರೈಲಿನಲ್ಲಿ ಬಂದರು. ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಪುಣೆಯಲ್ಲಿ ಕನ್ನಡ ಮಾತಾಡುವವನೊಬ್ಬ ಸಿಕ್ಕಿದ್ದೇ ಅವರಿಗೆ ದೊಡ್ಡ ಧೈರ್ಯ. "ನೀವಿದ್ದಿದ್ದಕ್ಕ ಭಾಳ ಅನುಕೂಲಾತು ನೋಡ್ರೀ ಸರ್" ಎಂದು ಕೈಮುಗಿದರು. ಆ ಹೊತ್ತಿನಲ್ಲಿ ಅವನಿಗೆ ಫೋನ್ ಮಾಡಿದವನು ನಾನೇ ಎಂದು ಅವರಿಗೆ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳಲು ಕಾನೂನು ಓದಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ, ಗಾಡಿ ಓಡಿಸುವಾಗ ಸಂಪರ್ಕ ಸಾಧನವನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೇ ಸೇರಿಸಿದ್ದಾರೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ. ನಮ್ಮ ಹುಡುಗನ ಫೋನ್ ಜೇಬಿನಲ್ಲಿತ್ತು, ಕಿವಿಯಲ್ಲಿ ಇಯರ್‌ಫೋನ್ ಇತ್ತು. ಕೈಗಳೆರಡೂ ಹ್ಯಾಂಡಲ್ ಮೇಲೇ ಇದ್ದವು. ಕೈಯ ಲೆಕ್ಕ ನೋಡಿದರೆ ಅವನದು ಏನೂ ತಪ್ಪಿಲ್ಲ.

ಆದರೆ ತೊಂದರೆ ಇರುವುದು ಕೈಯಲ್ಲಲ್ಲ. 1997ರಲ್ಲೇ ಟೊರಾಂಟೊದ ರೆಡೆಲ್‌ಮೈಯರ್ ಮತ್ತು ಟಿಬ್ಶಿರಾನಿ ಎಂಬ ಇಬ್ಬರು ಸಂಶೋಧಕರು ಅಪಘಾತವಾದ 699 ಚಾಲಕರ ಫೋನ್ ಬಿಲ್ಲುಗಳನ್ನು ತೆಗೆಸಿ ನೋಡಿದ್ದರು. ಫೋನಿನಲ್ಲಿರುವಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಎಂದು ತಿಳಿಯಿತು. ಕೈಯಲ್ಲಿ ಹಿಡಿಯದೆ ಮಾತಾಡುವ ಫೋನು ಇದ್ದವರಿಗೆ ಅದರಿಂದ ಹೆಚ್ಚಿನ ರಕ್ಷಣೆಯೇನೂ ಸಿಕ್ಕಿರಲಿಲ್ಲ. ಮುಂದೆ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಚಾಲಕರ ಕಣ್ಣು ಎಲ್ಲಿ ನೆಟ್ಟಿದೆ ಎಂಬುದನ್ನೇ ಅಳೆದರು. ಫೋನಿನಲ್ಲಿ ಮಾತಾಡುತ್ತಿದ್ದವರು ದಾರಿಯ ವಸ್ತುಗಳನ್ನು ನೇರವಾಗಿ ನೋಡಿದ್ದರೂ, ಆಮೇಲೆ ಕೇಳಿದಾಗ ಎಷ್ಟೋ ವಸ್ತುಗಳು ಅವರಿಗೆ ನೆನಪಿರಲಿಲ್ಲ. ಓದುತ್ತಿದ್ದಂತೆ ನನಗೆ ಮೈ ಜುಂ ಅಂದಿತು. "ಕಣ್ಣಿಗೆ ಕಂಡಿತ್ತು, ತಲಿಗೆ ಹೋಗ್ಲಿಲ್ಲ" ಎಂದು ನಮ್ಮ ಹುಡುಗ ಹೇಳಿದ್ದೂ ಇದನ್ನೇ ಅಲ್ಲವೇ?

"ಹಾಗಾದರೆ ಪಕ್ಕದ ಸೀಟಿನವರ ಜೊತೆಗೂ ಮಾತಾಡಬಾರದೇ?" ಎಂದು ನನ್ನ ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಪಕ್ಕದಲ್ಲಿ ಕೂತವರಿಗೂ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದರೆ ಅವರ ಮಾತು ತಾನಾಗಿ ನಿಲ್ಲುತ್ತದೆ, ಇವಳಾದರೆ ನನಗಿಂತ ಮೊದಲು ಕಿರುಚುತ್ತಾಳೆ. ಫೋನಿನ ಆ ಕಡೆ ಎಸಿ ರೂಮಿನಲ್ಲಿ ಕೂತವನಿಗೆ ಟೆಂಪೋ ಕಾಣುವುದಿಲ್ಲ. ಅವನು ಪ್ರಶ್ನೆ ಕೇಳುತ್ತಲೇ ಇರುತ್ತಾನೆ.

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಮೊಬೈಲ್ ಬಳಕೆಯಿಂದ ಎಂದು ಬರೆದುಕೊಂಡದ್ದು 3,395. ನನಗೆ ಈ ಎರಡನೇ ಅಂಕಿಯ ಮೇಲೆ ನಂಬಿಕೆ ಇಲ್ಲ. ಫೋನಿನಲ್ಲಿದ್ದೆ ಎಂದು ಪೊಲೀಸರ ಮುಂದೆ ಯಾರು ಒಪ್ಪಿಕೊಳ್ಳುತ್ತಾರೆ? ನಮ್ಮ ಹುಡುಗನ ವಿಷಯದಲ್ಲಂತೂ ಕೇಸೇ ಆಗಲಿಲ್ಲ. ಟೆಂಪೋದವನು ಒಂದಿಷ್ಟು ಬೈದು ಹೋದ, ಮುಗಿಯಿತು.

ಈಗ ನಮ್ಮ ಟೀಮಿನಲ್ಲಿ ಯಾರಿಗೆ ಫೋನ್ ಮಾಡಿದರೂ ಮೊದಲ ಪ್ರಶ್ನೆ, "ಎಲ್ಲಿದ್ದೀರಿ?" ದಾರಿಯಲ್ಲಿದ್ದೇನೆ ಅಂದರೆ ಇಟ್ಟುಬಿಡುತ್ತೇವೆ. ಹೇಳಿದಷ್ಟು ಸಲೀಸಾಗಿಲ್ಲ ಇದು. ಒಮ್ಮೆ ಕ್ಲೈಂಟ್ ಕಾಲ್ ಇಪ್ಪತ್ತು ನಿಮಿಷ ತಡವಾಗಿ, ನಮ್ಮ ಮೇಲಿನವರು "ಇಷ್ಟು ದಿನ ಎಲ್ಲರೂ ಮಾಡುತ್ತಿರಲಿಲ್ಲವೇ" ಎಂದು ಮುಖ ಸಿಂಡರಿಸಿದರು. ಆ ವರ್ಷದ ಅಪ್ರೈಸಲ್‌ನಲ್ಲಿ ನನಗೆ 'ತುರ್ತು ಪ್ರಜ್ಞೆ ಬೆಳೆಸಿಕೊಳ್ಳಬೇಕು' ಎಂಬ ಸಲಹೆ ಬಂತು. ಇರಲಿ.

ಆಫೀಸಿಗಿಂತ ಕಷ್ಟವಾದದ್ದು ಮನೆ. ನಮ್ಮೂರು ಧಾರವಾಡ. ಹಬ್ಬಕ್ಕೆ ಕಾರಿನಲ್ಲಿ ಹೊರಟರೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಅವ್ವನ ಫೋನ್ ಖಂಬಾಟಕಿ ಘಾಟಿನಲ್ಲಿ ಶುರುವಾದರೆ ಸಾತಾರಾ, ಕರಾಡ್, ಕೊಲ್ಹಾಪುರ ಎಂದು ಊರಿಗೊಂದರಂತೆ ಬರುತ್ತದೆ. "ಎಲ್ಲಿ ಬಂದ್ಯೋ? ನಾಷ್ಟಾ ಆತೇನು? ಹುಷಾರಿ ಗಾಡಿ ಹೊಡಿಯಪಾ." ಹುಷಾರಾಗಿ ಓಡಿಸು ಎಂದು ಹೇಳಲಿಕ್ಕೇ ಫೋನು! ಹೆಂಡತಿ ಎತ್ತಿದರೆ ಅವಳಿಗೆ ಸಮಾಧಾನವಿಲ್ಲ, ಮಗನ ದನಿಯೇ ಕೇಳಬೇಕು. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗಿರುತ್ತದೆ. ನಾಷ್ಟಾಕ್ಕೆ ಏನು ತಿಂದೆವೆಂದು ಹೇಳಿ ಮುಗಿಸುವಷ್ಟರಲ್ಲಿ ಧಾರವಾಡದ ನಮ್ಮ ಇಡೀ ಓಣಿ ಹಿಂದೆ ಹೋಗಿರುತ್ತದೆ.

ಈ ದೀಪಾವಳಿಗೆ ಹೊರಡುವ ಮುನ್ನಾದಿನ ಧೈರ್ಯ ಮಾಡಿ ಅವ್ವನಿಗೆ ಹೇಳಿದೆ. ರಾಯಚೂರಿನ ಹುಡುಗನ ಕತೆಯನ್ನೂ ಹೇಳಿದೆ, ನನ್ನ ಪಾಲನ್ನು ಬಿಡದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾರ ನಾ ಫೋನೇ ಮಾಡಬಾರದೇನು?" ಅಂದಳು. ದನಿಯಲ್ಲಿ ನೋವಿತ್ತು. ಕರಾಡಿನಲ್ಲಿ, ನಿಪ್ಪಾಣಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನೇ ಮಾಡುತ್ತೇನೆ ಅಂದೆ. "ನೋಡೂಣು" ಅಂದು ಇಟ್ಟಳು.

ಕರಾಡಿನಲ್ಲಿ ಮಾಡಿದೆ. ಕರಾಡಿನಿಂದ ಮುಂದಕ್ಕೆ ಒಂದೂ ಫೋನ್ ಬರಲಿಲ್ಲ. ಆ ಎರಡು ತಾಸು ಅವಳು ಹೇಗೆ ಕಳೆದಳು ಎಂದು ಆಮೇಲೆ ಅಪ್ಪ ಹೇಳಿದರು. ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದಳಂತೆ. ನಿಪ್ಪಾಣಿಯಲ್ಲಿ ಗಾಡಿ ನಿಲ್ಲಿಸಿ ಮಾಡಿದಾಗ ಮೊದಲ ರಿಂಗಿಗೇ ಎತ್ತಿದಳು. ಎಲ್ಲಿ ಬಂದೆ, ಏನು ತಿಂದೆ ಒಂದನ್ನೂ ಕೇಳಲಿಲ್ಲ.

"ಗಾಡಿ ನಿಂತೈತೇನು ಮೊದ್ಲ ಹೇಳು" ಅಂದಳು.