ಸಹಿಯ ಹಿಂದಿನ ಸಂಖ್ಯೆಗಳು

ನಮ್ಮ ಪುಟ್ಟ ಸಂಸ್ಥೆಯ ವಾರ್ಷಿಕ ಲೆಕ್ಕಪತ್ರ ಸಲ್ಲಿಸಲು ಪ್ರತಿವರ್ಷ ನಾನು ಯುಎಸ್‌ಬಿ ಟೋಕನ್ ಒಂದನ್ನು ಗಣಕಕ್ಕೆ ಸಿಕ್ಕಿಸಿ ಸಹಿ ಹಾಕುತ್ತೇನೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಈ ಡಿಜಿಟಲ್ ಸಹಿಗೆ ಕೈಬರಹದ ಸಹಿಯಷ್ಟೇ ಮಾನ್ಯತೆ ನೀಡಿದೆ. ಕೈಬರಹ ನಕಲಾದರೆ ತಜ್ಞರು ಪತ್ತೆ ಹಚ್ಚಬಹುದು. ಡಿಜಿಟಲ್ ಸಹಿಯ ಗುಟ್ಟು ಬಯಲಾದರೆ ಅಸಲಿಗೂ ನಕಲಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರದು.

ಈ ಗುಟ್ಟು ಯಾವುದು? 1977ರಲ್ಲಿ ರೂಪುಗೊಂಡು ಇಂದಿಗೂ ವ್ಯಾಪಕ ಬಳಕೆಯಲ್ಲಿರುವ ಆರ್‌ಎಸ್‌ಎ ವಿಧಾನದಲ್ಲಿ ಅದು ಎರಡು ಅವಿಭಾಜ್ಯ ಸಂಖ್ಯೆಗಳು. ಒಂದೊಂದೂ ಸುಮಾರು 308 ಅಂಕಿಗಳದ್ದು. ಅವುಗಳ ಗುಣಲಬ್ಧವನ್ನು ಲೋಕಕ್ಕೆಲ್ಲ ಸಾರಬಹುದು. ಅದನ್ನು ಒಡೆದು ಮೂಲ ಸಂಖ್ಯೆಗಳನ್ನು ಪಡೆಯುವುದು ಇಂದಿನ ಗಣಕಗಳ ಶಕ್ತಿಗೆ ಮೀರಿದ್ದು.

ಅಷ್ಟು ದೊಡ್ಡ ಅವಿಭಾಜ್ಯವನ್ನು ಹುಡುಕುವುದೇ ಕಷ್ಟವೆಂದು ಅನೇಕರ ಭಾವನೆ. ಹಾಗೇನಿಲ್ಲ. ಆ ಗಾತ್ರದಲ್ಲಿ ಸರಾಸರಿ 700 ಸಂಖ್ಯೆಗೊಂದು ಅವಿಭಾಜ್ಯ ಸಿಗುತ್ತದೆ. ತಂತ್ರಾಂಶವು ಯಾದೃಚ್ಛಿಕವಾಗಿ ಒಂದು ಬೆಸ ಸಂಖ್ಯೆಯನ್ನೆತ್ತಿ ಪರೀಕ್ಷಿಸುತ್ತದೆ. ಅಲ್ಲವಾದರೆ ಮತ್ತೊಂದಕ್ಕೆ ಕೈಹಾಕುತ್ತದೆ. (ಅವಿಭಾಜ್ಯತೆಯ ಖಚಿತ ಪರೀಕ್ಷೆಯೊಂದನ್ನು 2002ರಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್ ಮತ್ತು ಅವರ ಇಬ್ಬರು ಶಿಷ್ಯರು ಕೊಟ್ಟಾಗ ನಾವು ಹೆಮ್ಮೆಪಟ್ಟಿದ್ದೆವು, ನಿತ್ಯದ ತಂತ್ರಾಂಶಗಳು ಬಳಸುವುದು ಅದಕ್ಕಿಂತ ಚುರುಕಾದ ಹಳೆಯ ವಿಧಾನವನ್ನೇ.) ತೊಡಕಿರುವುದು 'ಯಾದೃಚ್ಛಿಕ' ಎಂಬ ಪದದಲ್ಲಿ. ಹೇಳಿದಷ್ಟನ್ನೇ ಮಾಡುವ ಯಂತ್ರ, ಯಾರೂ ಊಹಿಸಲಾಗದ ಸಂಖ್ಯೆಯನ್ನು ಎಲ್ಲಿಂದ ತರಬೇಕು?

2006ರಲ್ಲಿ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ನಿರ್ವಾಹಕರೊಬ್ಬರು, ಪರಿಶೀಲನಾ ಸಾಧನವು ತಕರಾರು ತೆಗೆಯಿತೆಂದು, ಯಾದೃಚ್ಛಿಕತೆಯನ್ನು ತುಂಬುತ್ತಿದ್ದ ಸಾಲನ್ನೇ ಅಳಿಸಿಬಿಟ್ಟರು. ಒಂದೊಂದು ಬಗೆಯ ಕೀಲಿಗೆ ಉಳಿದದ್ದು 32,768 ಸಾಧ್ಯತೆಗಳು ಮಾತ್ರ. ಎಲ್ಲರೂ ಓದಬಹುದಾಗಿದ್ದ ಆ ತಂತ್ರಾಂಶದ ದೋಷ ಬಯಲಾದದ್ದು 2008ರ ಮೇ ತಿಂಗಳಲ್ಲಿ.

ನನ್ನನ್ನು ಹೆಚ್ಚು ಕಾಡಿರುವುದು ಎಸ್ಟೋನಿಯಾದ ಪ್ರಸಂಗ. ಸುಮಾರು 13 ಲಕ್ಷ ಜನರಿರುವ ಆ ದೇಶದಲ್ಲಿ ಬ್ಯಾಂಕು, ಔಷಧಚೀಟಿ, ಮತದಾನ ಎಲ್ಲಕ್ಕೂ ಗುರುತಿನ ಚೀಟಿಯ ಚಿಪ್ಪೇ ಆಧಾರ. ಜರ್ಮನಿಯ ಇನ್ಫಿನಿಯನ್ ಕಂಪನಿಯ ಚಿಪ್ಪು, ಸಮಯ ಉಳಿಸಲೆಂದು, ಒಂದು ನಿರ್ದಿಷ್ಟ ಅಚ್ಚಿನ ಅವಿಭಾಜ್ಯಗಳನ್ನಷ್ಟೇ ಆರಿಸುತ್ತಿತ್ತು. ಅಚ್ಚು ತಿಳಿದವರಿಗೆ ಗುಣಲಬ್ಧವನ್ನು ಒಡೆಯುವ ದಾರಿ ಹತ್ತಿರವಾಯಿತು. 2017ರಲ್ಲಿ ಚೆಕ್ ಗಣರಾಜ್ಯದ ಮಸಾರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಕಂಡುಹಿಡಿದಾಗ ಸುಮಾರು ಏಳೂವರೆ ಲಕ್ಷ ಚೀಟಿಗಳು ಅಪಾಯದಲ್ಲಿದ್ದವು. ಅಂತರರಾಷ್ಟ್ರೀಯ ಭದ್ರತಾ ಪ್ರಮಾಣಪತ್ರ ಪಡೆದಿದ್ದ ಚಿಪ್ಪದು ಎಂಬುದನ್ನು ಗಮನಿಸಬೇಕು.

ಅಲ್ಲಿನ ಸರ್ಕಾರ ವಿಷಯವನ್ನು ಮುಚ್ಚಿಡಲಿಲ್ಲ. ಸಂಶೋಧನೆಯ ವಿವರಗಳು ಪ್ರಕಟವಾಗುವ ಮೊದಲೇ, ಸೆಪ್ಟೆಂಬರಿನಲ್ಲಿ, ಪ್ರಧಾನಿಯೇ ಜನರಿಗೆ ತಿಳಿಸಿದರು. ನವೆಂಬರ್ 3ರಂದು ಹಳೆಯ ಸಹಿಗಳನ್ನು ಅಮಾನತಿನಲ್ಲಿಟ್ಟು, ಬೇರೆ ವಿಧಾನದ ಕೀಲಿಗಳನ್ನು ಮನೆಯಿಂದಲೇ ತುಂಬಿಕೊಳ್ಳಲು ಅವಕಾಶ ಮಾಡಿದರು.

ನಮ್ಮಲ್ಲಿ ಇಂಥದ್ದಾದರೆ? ಸೈಬರ್ ಭದ್ರತೆಯೆಂದರೆ ಪಾಸ್‌ವರ್ಡ್ ಹಂಚಿಕೊಳ್ಳಬೇಡಿ ಎಂದು ನಾಗರಿಕನಿಗೆ ಬುದ್ಧಿ ಹೇಳುವುದಷ್ಟೇ ಆಗಿದೆ. ಕೀಲಿಯೇ ಹುಟ್ಟಿನಿಂದ ಟೊಳ್ಳಾಗಿದ್ದರೆ ಆತನ ಎಚ್ಚರದಿಂದ ಏನು ಪ್ರಯೋಜನ? ಇನ್ಫಿನಿಯನ್ ದೋಷವನ್ನು ಬಹಿರಂಗ ಕೀಲಿಯಿಂದಲೇ ಕ್ಷಣದಲ್ಲಿ ಗುರುತಿಸಬಹುದು. ಎರಡು ಕೀಲಿಗಳು ಒಂದೇ ಅವಿಭಾಜ್ಯವನ್ನು ಹಂಚಿಕೊಂಡಿದ್ದರೆ ಶಾಲೆಯಲ್ಲಿ ಕಲಿತ ಮಹತ್ತಮ ಸಾಮಾನ್ಯ ಅಪವರ್ತನವೇ ಅದನ್ನು ಹಿಡಿದುಕೊಡುತ್ತದೆ. 2012ರಲ್ಲಿ ಸಂಶೋಧಕರು ಅಂತರಜಾಲದ ಸಾವಿರಾರು ಉಪಕರಣಗಳ ಗುಟ್ಟನ್ನು ತೆರೆದದ್ದು ಹೀಗೆಯೇ. ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರು ದೇಶದಲ್ಲಿ ವಿತರಣೆಯಾಗುವ ಪ್ರತಿಯೊಂದು ಕೀಲಿಗೂ ಈ ಪರೀಕ್ಷೆಗಳನ್ನು ಕಡ್ಡಾಯ ಮಾಡಿ ಫಲಿತಾಂಶ ಪ್ರಕಟಿಸಬೇಕು. ಈಗಾಗಲೇ ನಡೆಯುತ್ತಿದ್ದರೆ ಜನರಿಗೂ ತಿಳಿಯಲಿ.

ಕ್ವಾಂಟಂ ಗಣಕಗಳು ಬಂದರೆ ಆರ್‌ಎಸ್‌ಎ ಹೇಗೂ ಮೂಲೆ ಸೇರುತ್ತದಲ್ಲ ಎನ್ನುವವರಿದ್ದಾರೆ. ಅಮೆರಿಕದ ಮಾನಕ ಸಂಸ್ಥೆ 2024ರಲ್ಲಿ ಹೊಸ ವಿಧಾನಗಳನ್ನು ಪ್ರಕಟಿಸಿದ್ದೂ ನಿಜ. ಅವುಗಳಲ್ಲಿ ಅವಿಭಾಜ್ಯಗಳ ಹುಡುಕಾಟವಿಲ್ಲ. ಊಹಿಸಲಾಗದ ಸಂಖ್ಯೆಯ ಅಗತ್ಯ ಮಾತ್ರ ಹಾಗೆಯೇ ಇದೆ.

ಕಳೆದ ಬಾರಿ ಟೋಕನ್ ನವೀಕರಿಸುವಾಗ, ಇದರೊಳಗಿನ ಚಿಪ್ಪು ಯಾರದೆಂದು ಅಂಗಡಿಯ ಹುಡುಗನನ್ನು ಕೇಳಿದೆ. 'ಗೊತ್ತಿಲ್ಲ ಸರ್, ನೀಲಿ ಬಣ್ಣದ್ದೂ ಇದೆ, ಕೊಡಲಾ?' ಎಂದ.