ಹಳೆಯ ಪಿನ್‌ಬಾಲ್ ಪೆಟ್ಟಿಗೆಯ ಬೆಲೆ

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ಫೋನ್ ಮಾಡಿ, "ಮಾಮಾ, ಹಳೇ ವರ್ಚುವಲ್ ಪಿನ್‌ಬಾಲ್ ಪೆಟ್ಟಿಗಿ ಬಂದೈತಿ. ರಿಪೇರಿಗೆ ರೊಕ್ಕ ಹಾಕಬಹುದೇನ್ರೀ?" ಎಂದು ಕೇಳಿದ.

ಪಿನ್‌ಬಾಲ್ ಎಂದರೆ ಇಳಿಜಾರು ಹಲಗೆಯ ಮೇಲೆ ಉರುಳುವ ಉಕ್ಕಿನ ಗುಂಡನ್ನು ಕೆಳಗೆ ಬೀಳದಂತೆ ಹೊಡೆಯುವ ಆಟ. ಜೂಜೆಂದು ನ್ಯೂಯಾರ್ಕ್ ನಗರ 1942ರಿಂದ 1976ರ ತನಕ ಇದನ್ನು ನಿಷೇಧಿಸಿತ್ತು. ಅದರಲ್ಲಿ ತಪ್ಪೇನೂ ನನಗೆ ಕಾಣದು. ವರ್ಚುವಲ್ ಪೆಟ್ಟಿಗೆಯಲ್ಲಾದರೋ ಗುಂಡೇ ಇಲ್ಲ. ಹಲಗೆಯ ಜಾಗದಲ್ಲಿ ಟಿ.ವಿ. ಪರದೆ ಮಲಗಿಸಿ, ಕೆಳಗೆ ಕಂಪ್ಯೂಟರ್ ಇಟ್ಟಿರುತ್ತಾರೆ. ರ‍್ಯಾಂಡಿ ಡೇವಿಸ್ ಎಂಬವರು 2000ದಲ್ಲಿ ಹೊರತಂದ 'ವಿಜುವಲ್ ಪಿನ್‌ಬಾಲ್'ನಂಥ ಪ್ರೋಗ್ರಾಂ ಆಟ ನಡೆಸುತ್ತದೆ.

ಆದ್ದರಿಂದ ಮಾಲಿನ ಬೆಲೆ ಮರದಲ್ಲಿಲ್ಲ, ಹಾರ್ಡ್ ಡಿಸ್ಕಿನಲ್ಲಿದೆ. ಯಾವ ಬಟನ್ನಿಗೆ ಯಾವ ಕೆಲಸ, ಚಿತ್ರ ಎಲ್ಲಿ ಕೂಡಬೇಕು, ಎಲ್ಲ ಅಲ್ಲೇ. ಡಿಸ್ಕ್ ಇನ್ನೂ ನಡೆಯುತ್ತಿದ್ದರೆ ಮೊದಲು ಅದರ ಪೂರ್ತಿ ನಕಲು, ಆಮೇಲೆ ಉಳಿದ ರಿಪೇರಿ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿದ ಅತ್ತಿಮಬ್ಬೆಯನ್ನು ನೆನೆಯುವ ನಮಗೆ ನಕಲಿನ ಮಹತ್ವ ಬಿಡಿಸಿ ಹೇಳಬೇಕೇ? ಡಿಸ್ಕ್ ಸತ್ತು ನಕಲೂ ಇಲ್ಲದಿದ್ದರೆ ಎಲ್ಲ ಹೊಸದಾಗಿ ಕೂಡಿಸಬೇಕು; ಅಂಥದಕ್ಕೆ ಖಾಲಿ ಪೆಟ್ಟಿಗೆಯ ದರವಷ್ಟೇ ಕೊಡತಕ್ಕದ್ದು.

ಪವರ್ ಸಪ್ಲೈಯಲ್ಲಿ ಉಬ್ಬಿದ ಕೆಪಾಸಿಟರ್ ಕಂಡರೆ ಪೂರ್ತಿ ಬದಲಿಸುವುದೇ ಲೇಸು. ಪ್ಲಗ್ ತೆಗೆದರೂ ಅದರೊಳಗೆ ಕರೆಂಟ್ ಉಳಿದಿರುತ್ತದೆ, ಮಕ್ಕಳು ಬಿಚ್ಚಬಾರದು. ಕಂಪ್ಯೂಟರ್ ದಿನಾಂಕ ಮರೆಯುತ್ತಿದ್ದರೆ ನಾಣ್ಯದಂಥ ಸಿಆರ್ 2032 ಸೆಲ್ ಹಾಕಿ ನೋಡಿ, ಖರ್ಚು ಅಲ್ಪ.

ಪರದೆ ಮಂಕಾಗಿದ್ದರೆ ಬರೀ ಇಂಚು ಹೇಳಿ ಹೊಸದು ತರಬೇಡಿ. ಇಂಚು ಕರ್ಣದ ಅಳತೆ. ಪೆಟ್ಟಿಗೆಯಲ್ಲಿ ಕೂಡಬೇಕಾದದ್ದು ಅಗಲ. ಟೇಪ್ ಹಿಡಿದು ಅಳೆದೇ ಆರ್ಡರ್ ಕೊಡಿ. ಬಣ್ಣ, ಪಾಲಿಶ್ ಎಲ್ಲ ಕೊನೆಗೆ.